ಡೆಸ್ಕಿನ ಮೇಲೆ ‘ನಾಳೆ ಬಾ’

ಕಾಟ ತಿಂದ ಮಗುವೇ ತಪ್ಪಿತಸ್ಥಳಾಗಿ, ಶಾಲೆಯ ಕೌನ್ಸೆಲರ್ ಆದ ನನ್ನ ಮುಂದೆ ಬಂದು ಕೂರುವುದು ಇದು ಮೊದಲ ಸಲವಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಹುಡುಗಿಯನ್ನು ಕಾವ್ಯ ಅನ್ನೋಣ.

ಏಳನೇ ಕ್ಲಾಸು. ದೆವ್ವದ ಕಥೆ ಬರೆದು ಕ್ಲಾಸಿನವರನ್ನು ಹೆದರಿಸುತ್ತಾಳೆ ಅನ್ನುವುದು ದೂರು. ಕಥೆ ಓದಿದ ಒಬ್ಬ ಹುಡುಗಿ ರಾತ್ರಿ ಲೈಟ್ ಆರಿಸಲು ಬಿಡುತ್ತಿಲ್ಲ ಎಂದು ಅವಳ ತಾಯಿ ಶಾಲೆಗೆ ಬಂದು ಜಗಳ ಮಾಡಿದ್ದರು.

ಕಥೆ ಇದ್ದದ್ದು ನೋಟ್‌ಬುಕ್ಕಿನ ಕೊನೆಯ ಎರಡು ಪುಟದಲ್ಲಿ. ಸತ್ತುಹೋದ ಹುಡುಗಿಯೊಬ್ಬಳು ಯೂನಿಫಾರ್ಮಿನಲ್ಲೇ, ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು, ದಿನಾ ರಾತ್ರಿ ಮೂವರು ಗೆಳತಿಯರ ಮನೆ ಬಾಗಿಲಿಗೆ ಬರುತ್ತಾಳೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತದೆ. ಓದಿಕೊಂಡು ವಾಪಸ್ ಹೋಗುತ್ತಾಳೆ. ಅಷ್ಟೇ. 1990ರ ದಶಕದಲ್ಲಿ ಬೆಂಗಳೂರಿನ ಕಡೆ ಬೆಳೆದವರಿಗೆ ಇದು ಗೊತ್ತು. ರಾತ್ರಿ ದೆವ್ವ ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು, ಹಾಗಾಗಿ ಬಾಗಿಲ ಮೇಲೆ ಆ ಎರಡು ಪದ ಬರೆದು ಮಲಗುತ್ತಿದ್ದೆವು.

ಮೊದಲ ಎರಡು ಭೇಟಿಯಲ್ಲಿ ಕಾವ್ಯ ಬಾಯಿ ಬಿಡಲಿಲ್ಲ. ಮೂರನೇ ಸಲ, ಯಾಕೆ ಬರೆದೆ ಅನ್ನುವುದನ್ನು ಬಿಟ್ಟು, ಕಥೆಯೊಳಗಿನಿಂದಲೇ ಕೇಳಿದೆ. “ಅವಳು ದಿನಾ ಯಾಕೆ ಬರ್ತಾಳೆ? ಸೇಡು ತೀರಿಸಿಕೊಳ್ಳೋಕಾ?”

“ಇಲ್ಲ ಮಿಸ್. ಇವತ್ತಾದ್ರೂ ಯಾರಾದ್ರೂ ಅದನ್ನ ಒರೆಸಿದ್ದಾರಾ ಅಂತ ನೋಡೋಕೆ.”

ಆಮೇಲೆ ಒಂದೊಂದೇ ಬಂತು. ಜೂನ್‌ನಿಂದ ದಿನಾ ಬೆಳಗ್ಗೆ ಅವಳ ಡೆಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’. ಕ್ಲಾಸಿನ ಮೂವರು ಹುಡುಗಿಯರು ಅವಳನ್ನೇ ದೆವ್ವ ಮಾಡಿದ್ದರು. ಪ್ರೇಯರ್ ಮುಗಿಸಿ ಬಂದವಳು ಅದನ್ನು ಸ್ವೆಟರಿನ ತೋಳಿನಿಂದ ಒರೆಸುತ್ತಿದ್ದಳು. ತೋಳೆಲ್ಲ ಬಿಳಿ ಮಾಡಿಕೊಂಡು ಬರ್ತೀಯ ಅಂತ ಮನೆಯಲ್ಲಿ ಬೈಗುಳ. ಆ ಸಾಕ್ಸ್ ಕೂಡ ಕಲ್ಪನೆಯಲ್ಲ, ಪಿಟಿ ದಿನ ಯಾರೋ ಒಂದನ್ನು ಕಿತ್ತು ಎಸೆದಿದ್ದರು.

ಕಥೆಯ ಹುಡುಗಿ ಸತ್ತಿದ್ದಾಳೆ, ಅಲ್ವಾ? ಹಾಗಾಗಿ ನೇರವಾಗಿ ಕೇಳಿದೆ: “ನಿನಗೂ ಸಾಯಬೇಕು ಅನ್ನಿಸಿದೆಯಾ?” ಇಂಥ ಪ್ರಶ್ನೆ ಕೇಳಿ ಮಗುವಿನ ತಲೆಗೆ ಇಲ್ಲದ್ದನ್ನು ಯಾಕೆ ತುಂಬುತ್ತೀರಿ ಎಂದು ಶಿಕ್ಷಕರು ಆಮೇಲೆ ಆಕ್ಷೇಪಿಸಿದರು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದರೆ ಹೊರಗೆ ಬರುತ್ತದೆ, ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ. “ಒಂದೆರಡು ಸಲ” ಅಂದಳು. ಅವಳಿಗೆ ಹೇಳಿಯೇ ಅವತ್ತೇ ಅವಳ ಅಮ್ಮನನ್ನು ಕರೆಸಿದೆ. ಮಗಳನ್ನು ಒಂಟಿಯಾಗಿ ಬಿಡಬೇಡಿ, ಮನೋವೈದ್ಯರಿಗೆ ತೋರಿಸಿ ಅಂದೆ. ರಾತ್ರಿ ಹೊತ್ತಿಗೂ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಎರಡನ್ನೂ ಬರೆದುಕೊಟ್ಟೆ.

ಶಾಲೆಯವರಿಗೆ ಆ ಮೂವರಿಂದ ಪ್ರೇಯರಿನಲ್ಲಿ ಎಲ್ಲರೆದುರು ಕ್ಷಮೆ ಕೇಳಿಸುವ ಆಸೆ. ಬೇಡವೇ ಬೇಡ ಅಂದೆ. ಮೃದುವಾದಿರಿ ಅಂದವರಿದ್ದಾರೆ. ಎಲ್ಲರೆದುರು ತಲೆ ತಗ್ಗಿಸಿದ ಸಿಟ್ಟು ಮರುದಿನ ಟಾಯ್ಲೆಟ್ಟಿನಲ್ಲಿ ಬಡ್ಡಿ ಸಮೇತ ತೀರುವುದನ್ನು ನಾನು ನೋಡಿದ್ದೇನೆ. ಮೂವರನ್ನೂ ಬೇರೆ ಬೇರೆ ಕೂರಿಸಿ, ಅಪ್ಪ ಅಮ್ಮನ ಎದುರಿಗೆ ಮಾತಾಡಿ ಅಂದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಕ್ಲಾಸಿಗೆ ಹೋಗಿ ಡೆಸ್ಕ್ ನೋಡುವ ಕೆಲಸ ಕ್ಲಾಸ್ ಟೀಚರದ್ದು, ಮಗುವಿನದ್ದಲ್ಲ. ಕಾವ್ಯಳಿಗೆ “ಸುಮ್ನೆ ಇದ್ದುಬಿಡು, ಅವರೇ ಬಿಡ್ತಾರೆ” ಅಂತ ಯಾರೂ ಹೇಳಕೂಡದು. ಐದು ತಿಂಗಳು ಅವಳು ಸುಮ್ಮನೆ ಇದ್ದಳಲ್ಲ! ಪಕ್ಕದಲ್ಲಿ ಕೂರುವ ಹುಡುಗಿಯ ಜೊತೆ ಮಾತ್ರ ನಾನೇ ಮಾತಾಡಿದೆ. ದಿನಾ ನೋಡುತ್ತಿದ್ದಳು, ಒರೆಸಿದರೆ ನಾಳೆ ನನ್ನ ಡೆಸ್ಕಿಗೆ ಬರುತ್ತದೆ ಎಂದು ಹೆದರಿದ್ದಳು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಲೈಟ್ ಆರಿಸಲು ಬಿಡದ ಹುಡುಗಿ ಆ ಮೂವರಲ್ಲಿ ಒಬ್ಬಳು. ಅವಳೂ ಈಗ ಗುರುವಾರ ಗುರುವಾರ ನನ್ನ ಹತ್ತಿರ ಬರುತ್ತಾಳೆ. ಇನ್ನೂ ಲೈಟ್ ಹಾಕಿಕೊಂಡೇ ಮಲಗುತ್ತಾಳಂತೆ.