ನಕ್ಷೆಯಲ್ಲಿ 13 ಗಂಟೆ, ಹೋಗಲು ಎಷ್ಟು ದಿನ?

ಪ್ರಶ್ನೆ: ಸರ್, ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಿಂದ ಪೆಸಿಫಿಕ್‌ನ ಈಸ್ಟರ್ ದ್ವೀಪಕ್ಕೆ 10,500 ಕಿ.ಮೀ., ಸುಮಾರು 13 ಗಂಟೆ ಎಂದು ದೂರ ಲೆಕ್ಕ ಹಾಕುವ ಆ್ಯಪ್ ತೋರಿಸಿತು. ಟಿಕೆಟ್ ಹುಡುಕಿದರೆ ವಿಮಾನವೇ ಇಲ್ಲ. ಆ್ಯಪ್ ಸುಳ್ಳು ಹೇಳಿತಾ?

ಉತ್ತರ: ಸುಳ್ಳಲ್ಲ, ಆದರೆ ಅದಕ್ಕೆ ಗೊತ್ತಿರುವುದು ಭಾಗಾಕಾರ ಮಾತ್ರ. ದೂರವನ್ನು ಗಂಟೆಗೆ 850 ಕಿ.ಮೀ.ನಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ ನೋಡಿ. ಹೆಚ್ಚು ಕಡಿಮೆ ಅದೇ 13 ಬರುತ್ತದೆ.

ವಿಮಾನಗಳ ದಾರಿ ಹಾಕಿಕೊಡುವ ಮೇಜಿನಲ್ಲಿ ನಾನು ವರ್ಷಗಟ್ಟಲೆ ಕೂತವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೀನಿಯರ್ ಒಬ್ಬರು ಭೂಗೋಳದ ಗುಂಡು, ಒಂದು ತುಂಡು ದಾರ ಕೊಟ್ಟು 'ಎಳೆದು ನೋಡು' ಎಂದಿದ್ದರು. ಗುಂಡಿನ ಮೇಲೆ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದ ದಾರವೇ ಅತಿ ಹತ್ತಿರದ ದಾರಿ. ನಿಮ್ಮ ಪ್ರಶ್ನೆ ಓದಿ ಮತ್ತೆ ದಾರ ಎಳೆದೆ. ಈಸ್ಟರ್ ಇರುವುದು 27 ಡಿಗ್ರಿ ದಕ್ಷಿಣದಲ್ಲಿ, ಸೇಂಟ್ ಹೆಲೆನಾ 16ರಲ್ಲಿ. ದಾರ ಮಾತ್ರ 33 ಡಿಗ್ರಿಯವರೆಗೂ ಕೆಳಗಿಳಿದು, ಚಿಲಿಯ ಸ್ಯಾಂಟಿಯಾಗೋ ನೆತ್ತಿಯ ಮೇಲೇ ಹಾಯುತ್ತದೆ!

ಆ ದಾರದ ಮೇಲೆ ಹಾರುವವರು ಯಾರೂ ಇಲ್ಲ. ಸೇಂಟ್ ಹೆಲೆನಾದ ರನ್‌ವೇ 2 ಕಿ.ಮೀ.ಗೂ ಕಮ್ಮಿ, ಅಷ್ಟು ದೂರಕ್ಕೆ ಇಂಧನ ತುಂಬಿದ ದೊಡ್ಡ ವಿಮಾನ ಅಲ್ಲಿಂದ ಏಳುವುದು ಕಷ್ಟ. ಅಲ್ಲಿ ಗಾಳಿಯೂ ಬಹಳ ಚೇಷ್ಟೆಯದು. ಅದರಿಂದಾಗಿಯೇ 2016ರಲ್ಲಿ ಶುರುವಾಗಬೇಕಿದ್ದ ಸೇವೆ 2017ರ ಅಕ್ಟೋಬರ್‌ಗೆ ಹೋಯಿತು. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಿಂದ ಬರುವ ಚಿಕ್ಕ ಜೆಟ್ ನಮೀಬಿಯಾದಲ್ಲಿ ಇಳಿದು ಇಂಧನ ತುಂಬಿಕೊಳ್ಳುತ್ತದೆ. ದ್ವೀಪದಲ್ಲಿ ಇಳಿಯಲು ಆಗದಿದ್ದರೆ ವಾಪಸ್ ಬರಬೇಕಲ್ವಾ?

ಹಾಗಾಗಿ ಪಶ್ಚಿಮಕ್ಕೆ ಹೋಗಬೇಕಾದ ನೀವು ಮೊದಲು ಪೂರ್ವಕ್ಕೆ ಹೊರಡಬೇಕು. ಜೋಹಾನ್ಸ್‌ಬರ್ಗ್‌ಗೆ 3,700 ಕಿ.ಮೀ., ಅಲ್ಲಿಂದ ಬ್ರೆಜಿಲ್‌ನ ಸಾವೊ ಪಾಲೊಗೆ 7,400, ಸ್ಯಾಂಟಿಯಾಗೋಗೆ 2,600, ಕೊನೆಗೆ ಈಸ್ಟರ್‌ಗೆ 3,750. ಒಟ್ಟು ಸುಮಾರು 17,500 ಕಿ.ಮೀ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ! ಸೀಟಿನಲ್ಲಿ ಕೂರುವುದೇ ಒಂದು ದಿನದಷ್ಟು ಹೊತ್ತು.

ಕೊನೆಯ ಹಾರಾಟದಲ್ಲಿ ಗಾಳಿಯ ಆಟ ಚೆನ್ನಾಗಿ ಕಾಣುತ್ತದೆ. ಮೇಲೆ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಸ್ಯಾಂಟಿಯಾಗೋದಿಂದ ಹೋಗುವಾಗ ಐದೂವರೆ ಗಂಟೆಯ ಆಸುಪಾಸು, ವಾಪಸ್ ಬರುವಾಗ ಐದಕ್ಕಿಂತ ಕಮ್ಮಿ. ಈಸ್ಟರ್‌ನ ಸುತ್ತಮುತ್ತ ಬೇರೆ ದೊಡ್ಡ ರನ್‌ವೇ ಇಲ್ಲ. ಅದಕ್ಕೇ ಆಕಾಶದಲ್ಲೇ ಸುತ್ತುತ್ತಾ ಕಾಯುವುದಕ್ಕೆಂದು ಜಾಸ್ತಿ ಇಂಧನ ಹೊತ್ತು ಹೋಗುತ್ತಾರೆ.

ಎಲ್ಲವನ್ನೂ ಒಂದೇ ಟಿಕೆಟ್‌ನಲ್ಲಿ ಹುಡುಕಿ ಸುಮ್ನೆ ಸುಸ್ತಾಗಬೇಡಿ. ಸೇಂಟ್ ಹೆಲೆನಾದ ವಿಮಾನ ವಾರಕ್ಕೆ ಒಂದೋ ಎರಡೋ. ಮೊದಲು ಆ ದಿನ ಹಿಡಿಯಿರಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಜೋಹಾನ್ಸ್‌ಬರ್ಗ್‌ನಲ್ಲಿ ಒಂದು ಇಡೀ ದಿನ ಬಿಡುವು ಇಟ್ಟುಕೊಳ್ಳಿ, ದ್ವೀಪದ ಗಾಳಿ ನಿಮ್ಮ ಟಿಕೆಟ್ ನೋಡುವುದಿಲ್ಲ.