ಬಸ್ಸೋ ಲಾರಿಯೋ, ತಪ್ಪು ಯಾರದಾದರೇನು?

ಪ್ರಶ್ನೆ: ದೇವಿಮನೆ ಘಾಟಿಯಲ್ಲಿ ಬಸ್ಸಿಗೆ ಲಾರಿ ಡಿಕ್ಕಿಯಾಗಿ, ಬಸ್ಸಿನಲ್ಲಿದ್ದ ಅಪ್ಪನ ತೊಡೆಮೂಳೆ ಮುರಿದಿದೆ. ತಪ್ಪು ತಮ್ಮದಲ್ಲ ಎಂದು ಇಬ್ಬರೂ ಜಾರಿಕೊಳ್ಳುತ್ತಿದ್ದಾರೆ. ಪರಿಹಾರ ಯಾರ ಹತ್ತಿರ ಕೇಳುವುದು?
– ಓದುಗರು, ಶಿರಸಿ

ಉತ್ತರ: ಆ ಜಗಳ ನಿಮ್ಮದಲ್ಲ. ಎರಡೂ ವಾಹನಗಳ ಮಾಲೀಕರನ್ನೂ ವಿಮೆಯವರನ್ನೂ ಪ್ರತಿವಾದಿ ಮಾಡಿ. ಇಬ್ಬರದೂ ತಪ್ಪೆಂದಾದರೆ ಪೂರ್ತಿ ಮೊತ್ತವನ್ನು ಯಾರಿಂದಲಾದರೂ ವಸೂಲು ಮಾಡಬಹುದು. ಪಾಲು ಅವರೇ ಹಂಚಿಕೊಳ್ಳಲಿ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅರ್ಜಿಯನ್ನು ನೀವು ವಾಸಿಸುವ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೇ ಕೊಡಬಹುದು, ಅಪಘಾತವಾದ 6 ತಿಂಗಳೊಳಗೆ. 164ರಡಿ ತಪ್ಪು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಸಿಗುತ್ತದೆ, ಆದರೆ ಅದನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ತೊಡೆಗೆ ರಾಡ್ ಹಾಕಿದ್ದರೆ ಆ ಹಣ ಒಪ್ಪಿಕೊಳ್ಳಲು ಅವಸರ ಬೇಡ. ಆಸ್ಪತ್ರೆಯ ಮೊದಲ ಚೀಟಿಯನ್ನು ಇವತ್ತೇ ತೆಗೆದು ನೋಡಿ: ಗಡಿಬಿಡಿಯಲ್ಲಿ ‘ಬಿದ್ದು ಗಾಯ’ ಎಂದು ಬರೆದಿದ್ದರೆ ವಿಮೆಯವರು ಅದನ್ನೇ ಹಿಡಿದು ಕೂರುತ್ತಾರೆ.