ಬೆಳಗಿನವರೆಗೆ ಕಾಯಬಾರದ ನೋವುಗಳು

ಮೂತ್ರಾಂಗ ಮತ್ತು ಜನನಾಂಗದ ತುರ್ತು ತೊಂದರೆಗಳ ಬಗ್ಗೆ ಕೋಲಾರ ಜಿಲ್ಲೆಯ ಓದುಗರು ಕಳಿಸಿದ ಪ್ರಶ್ನೆಗಳಿಗೆ ಮೂತ್ರರೋಗ ತಜ್ಞರ ಉತ್ತರ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ನಡುರಾತ್ರಿ ಹೊಟ್ಟೆನೋವು ಎಂದು ಎದ್ದ, ವಾಂತಿಯೂ ಆಯಿತು. ಗ್ಯಾಸ್ ಇರಬೇಕೆಂದು ಮಾತ್ರೆ ಕೊಟ್ಟು ಮಲಗಿಸಿದೆವು. ಬೆಳಗಿನ ಜಾವ ಅವರಪ್ಪನ ಹತ್ತಿರ ಬೀಜ ನೋಯುತ್ತಿದೆ ಎಂದ. ಆಪರೇಷನ್ ಮಾಡಿ ಉಳಿಸಿದರು. ನೋವಿಲ್ಲದ ಇನ್ನೊಂದು ಕಡೆಗೂ ಹೊಲಿಗೆ ಹಾಕಿದ್ದೇಕೆ? ಚಿಕ್ಕ ಮಗನಿಗೂ ಹೀಗಾಗಬಹುದೇ?
– ಒಬ್ಬ ತಾಯಿ, ಶ್ರೀನಿವಾಸಪುರ

ಉತ್ತರ: ಅಮ್ಮಾ, ನಿಮ್ಮ ಮಗನಿಗೆ ಆಗಿದ್ದು ವೃಷಣ ತಿರುಚಿಕೊಳ್ಳುವುದು. ವೃಷಣಕ್ಕೆ ರಕ್ತ ಒಯ್ಯುವ ನಾಳಗಳು ಹುರಿಯಂಥ ಒಂದು ಕಟ್ಟಿನಲ್ಲಿ ಇಳಿದುಬರುತ್ತವೆ. ಕೆಲವು ಹುಡುಗರಲ್ಲಿ ವೃಷಣ ತನ್ನ ಚೀಲಕ್ಕೆ ಸರಿಯಾಗಿ ಅಂಟಿರದೆ ಗಂಟೆಯ ನಾಲಿಗೆಯ ಹಾಗೆ ತೂಗಾಡುತ್ತಿರುತ್ತದೆ. ಅದು ತಿರುಗಿದಾಗ ಮೊದಲು ರಕ್ತ ಹೊರಹೋಗುವ ದಾರಿ ಮುಚ್ಚುತ್ತದೆ, ಆಮೇಲೆ ಒಳಬರುವ ದಾರಿ. ಈ ರಚನೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಅದಕ್ಕಾಗಿಯೇ ಇನ್ನೊಂದನ್ನೂ ಕರಗದ ದಾರದಿಂದ ಹೊಲಿದು ನಿಲ್ಲಿಸುವುದು. ಅದು ಸರಿಯಾದ ಚಿಕಿತ್ಸೆ.

ನೋವು ಶುರುವಾದ 6 ಗಂಟೆಯೊಳಗೆ ತಿರುಚು ಬಿಡಿಸಿದರೆ ಬಹುತೇಕ ಎಲ್ಲ ವೃಷಣಗಳೂ ಉಳಿಯುತ್ತವೆ. 12 ಗಂಟೆಯಾದರೆ ಸುಮಾರು ಅರ್ಧ. 24 ಗಂಟೆ ದಾಟಿದ ಮೇಲೆ ಉಳಿಯುವುದು ಅಪರೂಪ. ಇದು ಹೆಚ್ಚಾಗಿ ಕಾಣುವುದು 12ರಿಂದ 18ರ ವಯಸ್ಸಿನಲ್ಲಿ, ಅಂದರೆ ನಾಚಿಕೆಯಿಂದ ಬಾಯಿ ಬಿಡದ ವಯಸ್ಸಿನಲ್ಲಿ. ಹುಡುಗ ಹೊಟ್ಟೆನೋವು ಎನ್ನುತ್ತಾನೆ, ಮನೆಯವರು ಹೊಟ್ಟೆ ನೋಡುತ್ತಾರೆ, ಎಷ್ಟೋ ಸಲ ಕ್ಲಿನಿಕ್‌ನಲ್ಲೂ ಚಡ್ಡಿ ಬಿಚ್ಚಿಸಿ ನೋಡುವುದಿಲ್ಲ. ಕೆಳಹೊಟ್ಟೆ ನೋವು ಮತ್ತು ವಾಂತಿ ಇರುವ ಪ್ರತಿ ಹುಡುಗನ ವೃಷಣವನ್ನೂ ನೋಡಲೇಬೇಕು. ಒಂದು ಕಡೆ ಊದಿ, ಮೇಲಕ್ಕೆ ಎಳೆದುಕೊಂಡು, ಅಡ್ಡಲಾಗಿ ಮಲಗಿದ್ದರೆ ಅನುಮಾನ ಬಲವಾಗುತ್ತದೆ. ಒಳತೊಡೆಯನ್ನು ಬೆರಳಿನಿಂದ ಸವರಿದರೆ ಆ ಕಡೆಯ ವೃಷಣ ಮೇಲೆ ಸರಿಯಬೇಕು. ತಿರುಚಿದ್ದರೆ ಸಾಮಾನ್ಯವಾಗಿ ಸರಿಯುವುದಿಲ್ಲ. ಆದರೆ ಸರಿಯಿತು ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಕ್ರಿಕೆಟ್ ಚೆಂಡು ತಗುಲಿದ ನೋವು ಒಂದು ಗಂಟೆಯಾದರೂ ಇಳಿಯದಿದ್ದರೆ ಅದನ್ನೂ ತೋರಿಸಬೇಕು.

ರಕ್ತ ಹರಿಯುತ್ತಿದೆಯೇ ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ಕೂಡಲೇ ಆಗುವಂತಿದ್ದರೆ ಮಾಡಿಸಲಿ. ಸ್ಕ್ಯಾನಿಂಗ್ ಸೆಂಟರ್ ಬೆಳಿಗ್ಗೆ ತೆರೆಯುತ್ತದೆ ಎಂದು ಕಾಯುವುದು ತಪ್ಪು. ಅನುಮಾನ ಬಲವಾಗಿದ್ದರೆ ಚೀಲ ತೆರೆದು ನೋಡುವುದೇ ಪರೀಕ್ಷೆ. ಇದನ್ನು ಜನರಲ್ ಸರ್ಜನ್ ಮಾಡಬಲ್ಲರು. ಯೂರಾಲಜಿಸ್ಟ್ (ಮೂತ್ರರೋಗ ತಜ್ಞ) ಬೇಕು ಎಂದು ಹುಡುಗನನ್ನು ಕೋಲಾರದಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳಿಸುವ ಮೊದಲು, ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಜನ್ ಮತ್ತು ಅರಿವಳಿಕೆ ತಜ್ಞರು ಇದ್ದಾರೆಯೇ ಎಂದು ಫೋನ್ ಮಾಡಿ ಕೇಳಿ. ದಾರಿಯಲ್ಲಿ ಹೋಗುವ ಎರಡು ಗಂಟೆಯೂ ಆ ಆರು ಗಂಟೆಯಲ್ಲೇ ಸೇರಿದೆ. ವೈದ್ಯರು ಕೈಯಿಂದಲೇ ವೃಷಣವನ್ನು ತೊಡೆಯ ಕಡೆಗೆ ಹೊರಮುಖವಾಗಿ ತಿರುಗಿಸಿ ನೋಡಬಹುದು. ನೋವು ಇಳಿದರೂ ಆಪರೇಷನ್ ತಪ್ಪುವುದಿಲ್ಲ. ನೋವು ಶುರುವಾದಾಗಿನಿಂದ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ತಮ್ಮನಿಗೆ ಆಗುವ ಸಾಧ್ಯತೆ ಬೇರೆ ಹುಡುಗರಿಗಿಂತ ಸ್ವಲ್ಪ ಹೆಚ್ಚು. ಮುಂಚಿತವಾಗಿ ಆಪರೇಷನ್ ಬೇಕಿಲ್ಲ. ಅಲ್ಲಿ ನೋವಾದರೆ ಎಷ್ಟು ಹೊತ್ತಾಗಿದ್ದರೂ ಎಬ್ಬಿಸು ಎಂದು ಇವತ್ತೇ ಬಿಡಿಸಿ ಹೇಳಿ.

ಪ್ರಶ್ನೆ: ತಂದೆಗೆ 72 ವರ್ಷ. ನೆಗಡಿ ಮಾತ್ರೆ ತಗೊಂಡ ಮಾರನೇ ದಿನ ಮೂತ್ರ ಕಟ್ಟಿತು. ಪೈಪ್ ಹಾಕಿದಾಗ ಒಂದು ಲೀಟರಿಗಿಂತ ಹೆಚ್ಚು ಬಂತು, ಕೊನೆಗೆ ಸ್ವಲ್ಪ ಕೆಂಪಾಯಿತು. ಈಗ ಶಿಶ್ನದ ತುದಿ ಊದಿಕೊಂಡಿದೆ. ಏನು ಮಾಡಬೇಕು?
– ಬಂಗಾರಪೇಟೆ

ಉತ್ತರ: ಮೊದಲು ಊತದ ಮಾತು, ಅದಕ್ಕೆ ಇವತ್ತೇ ಕೈ ಹಾಕಬೇಕು. ಪೈಪ್ ಹಾಕುವಾಗ ಹಿಂದಕ್ಕೆ ಸರಿಸಿದ ಮುಂದೊಗಲನ್ನು ಮತ್ತೆ ಮುಂದಕ್ಕೆ ತರದಿದ್ದರೆ ಅದು ಉಂಗುರದಂತೆ ಬಿಗಿಯುತ್ತದೆ. ತುದಿಯನ್ನು ಅಂಗೈಯಲ್ಲಿ ಹಿಡಿದು 5ರಿಂದ 10 ನಿಮಿಷ ಸಮನಾಗಿ ಒತ್ತಿದರೆ ಊತ ಇಳಿಯುತ್ತದೆ. ಆಮೇಲೆ ಎರಡು ಹೆಬ್ಬೆರಳಿನಿಂದ ತುದಿಯನ್ನು ಒಳಕ್ಕೆ ತಳ್ಳುತ್ತಾ ಬೆರಳುಗಳಿಂದ ಚರ್ಮವನ್ನು ಮುಂದಕ್ಕೆ ಎಳೆಯುತ್ತಾರೆ. ಇದನ್ನು ಆಸ್ಪತ್ರೆಯಲ್ಲಿ ಜೆಲ್ಲಿ ಹಚ್ಚಿ ಮಾಡಿಸಿ. ತುದಿ ಕಪ್ಪಾಗುತ್ತಿದ್ದರೆ ಒಂದು ಗಂಟೆಯೂ ತಡಮಾಡಬೇಡಿ. ಮುಂದೆ ಪ್ರತಿ ಸಲ ತೊಳೆದ ಮೇಲೆ ಚರ್ಮ ಮುಂದಕ್ಕೆ ಬಂದಿದೆಯೇ ನೋಡಿ.

ನೆಗಡಿ ಮಾತ್ರೆಗಳಲ್ಲಿ ಎರಡು ಬಗೆಯ ಔಷಧ ಇರುತ್ತವೆ. ಕ್ಲೋರ್‌ಫೆನಿರಮಿನ್‌ನಂಥದ್ದು ಮೂತ್ರಕೋಶದ ಹಿಂಡುವ ಬಲ ಕಡಿಮೆ ಮಾಡುತ್ತದೆ, ಫಿನೈಲೆಫ್ರಿನ್ ಅದರ ಬಾಯಿಯನ್ನು ಬಿಗಿಸುತ್ತದೆ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿರುವ ಪ್ರಾಸ್ಟೇಟ್ ಗ್ರಂಥಿ ಮೊದಲೇ ದಪ್ಪವಾಗಿದ್ದವರಿಗೆ ಮೂತ್ರ ಕಟ್ಟಲು ಇಷ್ಟು ಸಾಕು. ಮಲಬದ್ಧತೆ, ಮದ್ಯ, ದೂರದ ಬಸ್ಸಿನಲ್ಲಿ ತಡೆದು ಕೂರುವುದು ಇವೂ ನೆಪವಾಗುತ್ತವೆ. ಕಟ್ಟಿದಾಗ ನೀರು ಕುಡಿಸಿದರೆ ನೋವು ಹೆಚ್ಚುತ್ತದೆಯೇ ಹೊರತು ದಾರಿ ತೆರೆಯುವುದಿಲ್ಲ. ತೊಟ್ಟುತೊಟ್ಟಾಗಿ ಹೋಗುತ್ತಿದೆ ಎಂದು ಸಮಾಧಾನ ಪಡುವವರೂ ಇದ್ದಾರೆ. ಮೂತ್ರಕೋಶ ತುಂಬಿ ತುಳುಕುವಾಗಲೂ ಹಾಗೆಯೇ ತೊಟ್ಟಿಕ್ಕುತ್ತದೆ.

ಸ್ವಲ್ಪ ಹೊತ್ತಿಗೊಮ್ಮೆ ಪೈಪ್ ಮುಚ್ಚಿ ತೆರೆದು ಮೂತ್ರ ಇಳಿಸುವ ಹಳೇ ಪದ್ಧತಿಯಿಂದ ಪ್ರಯೋಜನವಿಲ್ಲ. ಪೂರ್ತಿ ಇಳಿಸಬಹುದು. ಸ್ವಲ್ಪ ಕೆಂಪಾದದ್ದು ತಾನಾಗಿ ತಿಳಿಯಾಗುತ್ತದೆ. ಗಮನಿಸಬೇಕಾದದ್ದು ಮುಂದಿನ ಕೆಲವು ಗಂಟೆ: ಸತತ ಎರಡು ಗಂಟೆ, ಗಂಟೆಗೆ 200 ಮಿಲಿಗಿಂತ ಹೆಚ್ಚು ಬರುತ್ತಿದ್ದರೆ ದೇಹದ ನೀರು, ಸೋಡಿಯಂ, ಪೊಟ್ಯಾಸಿಯಂ ಜೊತೆಗೇ ಹೋಗುತ್ತಿರುತ್ತದೆ. ಆಗ ದಾಖಲಾಗಬೇಕು. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಎಲ್ಲರಿಗೂ ಬೇಕು. ಸಾಮಾನ್ಯವಾಗಿ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ದಿನಕ್ಕೊಂದು ಶುರುಮಾಡಿ, 2-3 ದಿನದ ಮೇಲೆ ಪೈಪ್ ತೆಗೆದು ನೋಡುತ್ತಾರೆ. ಅದರಿಂದ ಎದ್ದಾಗ ತಲೆ ಸುತ್ತಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ತಪ್ಪದೆ ಹೇಳಿ, ಆಪರೇಷನ್ ವೇಳೆ ಪಾಪೆ ಕುಗ್ಗಿ ತೊಡಕಾಗುತ್ತದೆ.

ಪ್ರಶ್ನೆ: ಬೈಕ್ ಅಪಘಾತದವರು, ಟ್ರ್ಯಾಕ್ಟರ್ ಟ್ರೈಲರ್ ಅಂಚಿನ ಮೇಲೆ ಕಾಲು ಆಚೀಚೆಯಾಗಿ ಬಿದ್ದವರು ಬರುತ್ತಾರೆ. ಕ್ಯಾತಿಟರ್ (ಮೂತ್ರದ ಪೈಪ್) ಯಾವಾಗ ಹಾಕಬಾರದು?
– ಶುಶ್ರೂಷಾಧಿಕಾರಿ, ಮಾಲೂರು ತಾಲ್ಲೂಕು

ಉತ್ತರ: ಮೂತ್ರದ್ವಾರದಲ್ಲಿ ಒಂದು ಹನಿ ರಕ್ತ ಕಂಡರೂ ಕೈ ತಡೆಯಿರಿ. ಕಾಲುಸಂದಿಯಲ್ಲಿ, ವೃಷಣ ಚೀಲದ ಹಿಂದೆ ಕಂದಿದ್ದರೆ, ಸೊಂಟದ ಮೂಳೆ ಮುರಿದಿದ್ದರೆ, ಮೂತ್ರಕೋಶ ತುಂಬಿದ್ದೂ ಹೋಗಲಾಗದಿದ್ದರೆ ಮೂತ್ರನಾಳ ಹರಿದಿರಬಹುದು. ಅರ್ಧ ಹರಿದ ನಾಳವನ್ನು ಪೈಪು ಪೂರ್ತಿ ಹರಿಯಬಲ್ಲದು. ಇಂಥವರಿಗೆ ಮೂತ್ರದ್ವಾರದಿಂದ 20-30 ಮಿಲಿ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ಎಕ್ಸ್‌ರೇ ತೆಗೆಯಬೇಕು. ಆ ಸೌಲಭ್ಯ ಇಲ್ಲದೆಡೆ, ಮೂತ್ರಕೋಶ ತುಂಬಿದ್ದರೆ, ವೈದ್ಯರು ಹೊಕ್ಕುಳ ಕೆಳಗಿನಿಂದ ಪೈಪ್ ಹಾಕಿ ಮುಂದಕ್ಕೆ ಕಳಿಸಬೇಕು. ಮೂತ್ರ ಹೋಗಲು ತಿಣುಕಬೇಡ ಎಂದು ರೋಗಿಗೆ ಹೇಳಿ, ತಿಣುಕಿದರೆ ಮೂತ್ರ ಸುತ್ತಲಿನ ಮಾಂಸಕ್ಕೆ ಸೋರುತ್ತದೆ. ಮೂಳೆ ಮುರಿದವರಿಗೆ ಬಟ್ಟೆ ಬಿಗಿಯುವುದು ಸೊಂಟಕ್ಕಲ್ಲ, ತೊಡೆಯ ಮೇಲ್ತುದಿಯ ಹೊರಗೆ ಕೈಗೆ ಸಿಗುವ ಎಲುಬಿನ ಮಟ್ಟಕ್ಕೆ.

ಗಾಯವಿಲ್ಲದವರಲ್ಲಿ ಆಗುವ ಅನಾಹುತ ಬೇರೆ. 16 ನಂಬರ್ ಪೈಪ್, 10-15 ಮಿಲಿ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ, ಆಮೇಲೆ 3ರಿಂದ 5 ನಿಮಿಷ ಕಾಯುವುದು. ಕಾಯುವುದನ್ನು ಬಿಟ್ಟರೆ ರೋಗಿ ಬಿಗಿಯುತ್ತಾನೆ, ಪೈಪ್ ಅಲ್ಲೇ ನಿಲ್ಲುತ್ತದೆ. ಮೂತ್ರ ಕಂಡ ಕೂಡಲೇ, ಪೈಪ್ ಜಾರದಂತೆ ಒಳಗೆ ಹಿಡಿದಿಡುವ ಬಲೂನ್ ಊದಬಾರದು. ಪೈಪ್ ಕವಲೊಡೆಯುವ ಜಾಗದವರೆಗೆ ಒಳಗೆ ಹೋಗಿರಬೇಕು. ಆಗ 10 ಮಿಲಿ ಸ್ಟೆರೈಲ್ ನೀರು. ಸಲೈನ್ ಬೇಡ, ಉಪ್ಪು ಹರಳುಗಟ್ಟಿ ತೆಗೆಯುವಾಗ ಬಲೂನ್ ಇಳಿಯದೆ ಹೋಗಬಹುದು. ಊದುವಾಗ ನೋವೆಂದರೆ ಬಲೂನ್ ನಾಳದಲ್ಲೇ ಇದೆ. ನೀರು ಹಿಂದಕ್ಕೆ ತೆಗೆಯಿರಿ. ಪ್ರಾಸ್ಟೇಟ್ ದಪ್ಪವಿದ್ದು 16 ಹೋಗದಿದ್ದರೆ 12ಕ್ಕೆ ಇಳಿಯಬೇಡಿ, ಸಣ್ಣದು ಮಡಚಿಕೊಳ್ಳುತ್ತದೆ. ತುದಿ ಬಾಗಿದ 18 ನಂಬರ್ ಆಗಬಹುದು. ತುದಿ ಮೇಲ್ಮುಖವಾಗಿರಲಿ.

ಪ್ರಶ್ನೆ: ಅಣ್ಣ ಮಾವಿನ ಮರದಿಂದ ಬಿದ್ದ. ಒಂದು ಸಲ ಮೂತ್ರ ಕೆಂಪಾಗಿತ್ತು, ಈಗ ತಿಳಿಯಾಗಿದೆ. ಪಕ್ಕೆ ನೋಯುತ್ತದೆ. ಮನೆಯಲ್ಲೇ ಇರಬಹುದೇ?
– ಮುಳಬಾಗಿಲು

ಉತ್ತರ: ಬೇಡ. ಮೂತ್ರದ ಬಣ್ಣಕ್ಕೂ ಕಿಡ್ನಿಯ ಗಾಯದ ಆಳಕ್ಕೂ ತಾಳೆಯಾಗುವುದಿಲ್ಲ. ಕಿಡ್ನಿಯ ಮುಖ್ಯ ರಕ್ತನಾಳವೇ ಹರಿದಾಗಲೂ ಮೂತ್ರ ತಿಳಿಯಾಗಿರಬಹುದು. ಬಿದ್ದ ಮೇಲೆ ಮೂತ್ರ ಕಣ್ಣಿಗೆ ಕಾಣುವಷ್ಟು ಕೆಂಪಾಗಿದ್ದರೆ ಕಾಂಟ್ರಾಸ್ಟ್ ಹಾಕಿದ ಸಿಟಿ ಸ್ಕ್ಯಾನ್ ಬೇಕು. ಮೂತ್ರ ಸೋರುತ್ತಿದೆಯೇ ತಿಳಿಯಲು 10-15 ನಿಮಿಷ ಬಿಟ್ಟು ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಸಾದಾ ಹೊಟ್ಟೆ ಸ್ಕ್ಯಾನಿಂಗ್ ಇದನ್ನೆಲ್ಲ ತಪ್ಪಿಸಿಬಿಡಬಹುದು.

ಸಿಟಿಯಲ್ಲಿ ಗಾಯ ಕಂಡರೂ ಹೆದರಬೇಡಿ. ಇಂಥ ಗಾಯಗಳಲ್ಲಿ ಹೆಚ್ಚಿನವು ಆಪರೇಷನ್ ಇಲ್ಲದೆ ಮಾಯುತ್ತವೆ. ಕೆಂಪು ಹೋಗುವವರೆಗೆ ಮಂಚ ಬಿಟ್ಟು ಏಳಬಾರದು, ನಾಡಿ, ಬಿ.ಪಿ., ಹಿಮೋಗ್ಲೋಬಿನ್ ಮತ್ತೆ ಮತ್ತೆ ನೋಡುತ್ತಿರಬೇಕು. ಮಕ್ಕಳಲ್ಲಿ ಬಿ.ಪಿ. ಇಳಿಯುವುದು ತೀರಾ ಕೊನೆಗೆ, ಅದಕ್ಕೂ ಮೊದಲು ನಾಡಿ ಓಡುತ್ತದೆ. ಮನೆಗೆ ಬಂದ ಮೇಲೆ ಸುಮಾರು 6 ವಾರ ಕ್ರೇಟ್ ಎತ್ತುವುದು, ಮರ ಹತ್ತುವುದು, ಬೈಕ್ ಓಡಿಸುವುದು ಬೇಡ. ಮತ್ತೆ ಕೆಂಪಾದರೆ, ಜ್ವರ ಬಂದರೆ ವಾಪಸ್ ಬನ್ನಿ.

ಹಸು ಒದ್ದಾಗ ಮೂತ್ರಕೋಶ ತುಂಬಿದ್ದರೆ ಅದು ಒಡೆಯಬಹುದು. ಮೂತ್ರ ಬರುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಹೊಟ್ಟೆಯ ಒಳಗಡೆಗೆ ಒಡೆದರೆ ಆಪರೇಷನ್ ಮಾಡಲೇಬೇಕು. ಹೊರಗಡೆಗೆ ಒಡೆದಿದ್ದರೆ ಎಷ್ಟೋ ಸಲ 10-14 ದಿನದ ಪೈಪ್ ಸಾಕು.

ಪ್ರಶ್ನೆ: ಕಿಡ್ನಿ ಕಲ್ಲಿನ ನೋವಿಗೆ ಬಿಯರ್, ಬಾಳೆದಿಂಡಿನ ರಸ ಕುಡಿದೆ. ಈಗ ಚಳಿಜ್ವರ.
– ಕೆ.ಜಿ.ಎಫ್.

ಉತ್ತರ: ಓದಿದ ಕೂಡಲೇ ಹೊರಡಿ. ಬರೀ ಕಲ್ಲಿನ ನೋವಿಗೆ ಕಿಡ್ನಿ ಸರಿಯಿದ್ದವರಲ್ಲಿ 75 ಮಿಲಿಗ್ರಾಂ ಡೈಕ್ಲೋಫೆನಾಕ್ ಇಂಜೆಕ್ಷನ್ ಸಾಕಾಗಬಹುದು, 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹುಪಾಲು ತಾನೇ ಇಳಿಯುತ್ತದೆ. ಜ್ವರ ಸೇರಿದರೆ ಕಲ್ಲಿನ ಹಿಂದೆ ಕೀವು ಕಟ್ಟಿದೆ ಎಂದೇ ತಿಳಿಯಬೇಕು. ಆಂಟಿಬಯೋಟಿಕ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶದವರೆಗಿನ ತೆಳು ಕೊಳವೆ) ಹಾಕಿ ಅಥವಾ ಬೆನ್ನಿನಿಂದ ಕಿಡ್ನಿಗೆ ಪೈಪ್ ಹಾಕಿ ಮೊದಲು ಹೊರಬಿಡಬೇಕು. ಕಲ್ಲು ಒಡೆಯುವುದು ಸೋಂಕು ಇಳಿದ ಮೇಲೆ. ಒಂದೇ ಕಿಡ್ನಿ ಇರುವವರು, ಗರ್ಭಿಣಿಯರು ಜ್ವರವಿಲ್ಲದಿದ್ದರೂ ಕಾಯಬಾರದು.

ಪ್ರಶ್ನೆ: ತಂದೆಗೆ ಸಕ್ಕರೆ ಕಾಯಿಲೆ. ವೃಷಣ ಚೀಲದ ಚರ್ಮದಲ್ಲಿ ಸಣ್ಣ ಕಪ್ಪು ಮಚ್ಚೆ, ಆದರೆ ಮುಟ್ಟಲಾಗದಷ್ಟು ನೋವು. ಮುಲಾಮು ಹಚ್ಚಬಹುದೇ?
– ಹೆಸರು ಬೇಡ, ಕೋಲಾರ

ಉತ್ತರ: ಮುಲಾಮು ಬೇಡ. ಕಾಣುವ ಗಾಯಕ್ಕಿಂತ ನೋವು ಎಷ್ಟೋ ಹೆಚ್ಚಿದ್ದರೆ, ಕೆಟ್ಟ ವಾಸನೆ ಇದ್ದರೆ, ಒತ್ತಿದಾಗ ಚರಚರ ಎಂದರೆ ಚರ್ಮದ ಕೆಳಗೆ ಮಾಂಸ ಕೊಳೆಯುತ್ತಿದೆ. ಇದು ಗಂಟೆಗಂಟೆಗೂ ಹಬ್ಬುತ್ತದೆ, ಜೀವ ತೆಗೆಯುತ್ತದೆ. ಕೊಳೆತದ್ದನ್ನು ಅದೇ ದಿನ ಕತ್ತರಿಸಿ ತೆಗೆಯಬೇಕು. 108ಕ್ಕೆ ಫೋನ್ ಮಾಡಿ, ಸಕ್ಕರೆ ಕಾಯಿಲೆಯ ಮಾತ್ರೆ ಚೀಟಿ ಜೊತೆಗಿರಲಿ, ಆಪರೇಷನ್ ಥಿಯೇಟರ್ ಮತ್ತು ಐಸಿಯು ಇರುವ ಆಸ್ಪತ್ರೆಗೇ ಕರೆದೊಯ್ಯಿರಿ.